ಬೀಟ್ ಮರುಕಳಿಸದಿದ್ದರೆ ಕಾನೂನಿನಿಂದ ತಪ್ಪಿಸಿಕೊಳ್ಳಬಹುದೇ?

ಟೆಕ್ನೋ ಸಂಗೀತದ ಬಗ್ಗೆ ಓದುವಾಗ ಎರಡು ಮಾತುಗಳು ಆಗಾಗ ಎದುರಾಗುತ್ತವೆ. ಒಂದು, 1994ರಲ್ಲಿ ಬ್ರಿಟನ್ ಮರುಕಳಿಸುವ ಬೀಟ್‌ಗಳನ್ನೇ ನಿಷೇಧಿಸಿತು. ಎರಡು, ಇಬ್ಬರು ಸಂಗೀತಗಾರರು ಬೀಟ್ ಮರುಕಳಿಸದ ಹಾಡೊಂದನ್ನು ಮಾಡಿ ಆ ಕಾನೂನಿನಿಂದ ನುಣುಚಿಕೊಂಡರು. ಇವುಗಳಲ್ಲಿ ನಿಜವೆಷ್ಟು? ನೋಡೋಣ.

ಕಾನೂನು ಬಂದದ್ದೇಕೆ?

1992ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕ್ಯಾಸಲ್‌ಮಾರ್ಟನ್ ಕಾಮನ್ ಎಂಬ ಬಯಲಿನಲ್ಲಿ ಸಾವಿರಾರು ಯುವಜನರು ಸೇರಿ ದಿನಗಟ್ಟಲೆ ಹಗಲಿರುಳೆನ್ನದೆ ಕುಣಿದರು. ಸುತ್ತಲಿನವರಿಗೆ ನಿದ್ದೆಯಿಲ್ಲ. ಇಂಥ ಬಯಲು ಕೂಟಗಳನ್ನು, ಅಂದರೆ ‘ರೇವ್’ಗಳನ್ನು ತಡೆಯಬೇಕೆಂಬ ಕೂಗು ಜೋರಾಯಿತು. ಕ್ರಿಮಿನಲ್ ಜಸ್ಟಿಸ್ ಮಸೂದೆ ಬಂದದ್ದು ಇದರ ನಂತರ. ಒಂದರ ಹಿಂದೊಂದು ಮರುಕಳಿಸುವ ಬೀಟ್‌ಗಳೇ ಪ್ರಧಾನವಾಗಿರುವ ಸದ್ದುಗಳೂ ‘ಸಂಗೀತ’ ಎಂಬುದರಲ್ಲಿ ಸೇರುತ್ತವೆ ಎಂದು ಅದರ 63ನೇ ಸೆಕ್ಷನ್ ಹೇಳಿತು.

‘ಆಂಟಿ’ ಇಪಿ

ಮ್ಯಾಂಚೆಸ್ಟರ್ ಬಳಿಯ ರಾಚ್‌ಡೇಲ್ ಊರಿನ ಶಾನ್ ಬೂತ್ ಮತ್ತು ರಾಬ್ ಬ್ರೌನ್ ಜೋಡಿಯ ಹೆಸರು ‘ಆಟೆಕರ್’. ಮಸೂದೆ ಇನ್ನೂ ಚರ್ಚೆಯಲ್ಲಿದ್ದಾಗಲೇ, 1994ರ ಸೆಪ್ಟೆಂಬರಿನಲ್ಲಿ, ಇವರು ವಾರ್ಪ್ ಸಂಸ್ಥೆಯಿಂದ ‘ಆಂಟಿ’ ಎಂಬ ರೆಕಾರ್ಡ್ ತಂದರು. ಅದರಲ್ಲಿದ್ದದ್ದು ‘ಲಾಸ್ಟ್’, ‘ಜಾರಮ್’, ‘ಫ್ಲಟರ್’ ಎಂಬ ಮೂರು ಹಾಡುಗಳು.

ಹೊದಿಕೆಗೆ ಅಂಟಿಸಿದ್ದ ಚೀಟಿಯಲ್ಲಿ ಒಂದು ಎಚ್ಚರಿಕೆಯಿತ್ತು: ಮೊದಲೆರಡು ಹಾಡುಗಳಲ್ಲಿ ಮರುಕಳಿಸುವ ಬೀಟ್‌ಗಳಿವೆ, ಮಸೂದೆ ಕಾನೂನಾದರೆ ನುಡಿಸಬೇಡಿ. ‘ಫ್ಲಟರ್’ನಲ್ಲಿ ಮಾತ್ರ ಯಾವ ಎರಡು ಬಾರ್‌ಗಳ ಬೀಟ್‌ಗಳೂ ಒಂದೇ ರೀತಿ ಇಲ್ಲ. ಆದರೂ ಡಿಜೆಗಳು ಒಬ್ಬ ವಕೀಲರನ್ನೂ ಒಬ್ಬ ಸಂಗೀತತಜ್ಞರನ್ನೂ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು! ಮಾತಿನ ಧಾಟಿ ತಮಾಷೆಯದಾದರೂ ಉದ್ದೇಶ ಗಂಭೀರವಾಗಿತ್ತು. ರೆಕಾರ್ಡಿನ ಲಾಭ ನಾಗರಿಕ ಹಕ್ಕುಗಳ ಸಂಸ್ಥೆಯಾದ ‘ಲಿಬರ್ಟಿ’ಗೆ ಮೀಸಲಾಗಿತ್ತು.

ಕಿವಿಗೆ ಕೇಳುವುದೇನು?

ಸಾಮಾನ್ಯ ಟೆಕ್ನೋದಲ್ಲಿ ಡ್ರಮ್ ಯಂತ್ರಕ್ಕೆ ಒಂದು ಬಾರ್‌ನ ಮಾದರಿ ಹಾಕಿಕೊಟ್ಟರೆ ಸಾಕು, ಅದು ಅದನ್ನೇ ತಿರುಗಿಸುತ್ತಿರುತ್ತದೆ. ‘ಫ್ಲಟರ್’ನಲ್ಲಿ ಪ್ರತಿ ಬಾರ್‌ನಲ್ಲೂ ಪೆಟ್ಟುಗಳ ಜಾಗ ಬದಲಾಗುತ್ತದೆ. ಆದರೆ ಸುಮ್ಮನೆ ಕೇಳಿದರೆ ಇದು ಅಷ್ಟಾಗಿ ಗೊತ್ತಾಗುವುದೇ ಇಲ್ಲ. ಯಾಕೆ? ವೇಗ ಒಂದೇ, ಡ್ರಮ್‌ನ ನಾದವೂ ಅದೇ, ಮೇಲಿನ ಸ್ವರಗಳು ಮತ್ತೆ ಮತ್ತೆ ಬರುತ್ತವೆ. ನಮ್ಮ ಮಿದುಳು ಪ್ರತಿ ಪೆಟ್ಟನ್ನೂ ಎಣಿಸುತ್ತಾ ಕೂರುವುದಿಲ್ಲ. ಅದು ಒಳಗಿನ ಸಮಗತಿಯ ಮಿಡಿತವನ್ನು ಹಿಡಿದು ಮುಂದಿನದನ್ನು ಊಹಿಸುತ್ತದೆ. ಲಯ ಕೇಳುವಾಗ ನಾವು ಅಲುಗಾಡದೆ ಕುಳಿತಿದ್ದರೂ ಮಿದುಳಿನ ಚಲನೆಗೆ ಸಂಬಂಧಿಸಿದ ಭಾಗಗಳು ಚುರುಕಾಗುತ್ತವೆ. ಮೃದಂಗದ ತನಿ ಆವರ್ತನವನ್ನು ನೆನಪಿಸಿಕೊಳ್ಳಿ. ನುಡಿಕಾರಗಳು ಬದಲಾಗುತ್ತಲೇ ಇದ್ದರೂ ತಾಳ ಹಾಕುವ ನಮ್ಮ ಕೈ ತಪ್ಪುವುದಿಲ್ಲ.

ಹಾಗಾದರೆ ತಪ್ಪಿಸಿಕೊಂಡರೇ?

ಇಲ್ಲ. ಕಾನೂನಿನ ಮಾತು ಮರುಕಳಿಸುವ ಬೀಟ್‌ಗಳೂ ಸಂಗೀತದಲ್ಲಿ ‘ಸೇರುತ್ತವೆ’ ಎಂದಷ್ಟೇ. ಅವು ಮಾತ್ರ ಸಂಗೀತ ಎಂದಲ್ಲ. ‘ಇದು ಸಂಗೀತವೇ ಅಲ್ಲ, ಬರೀ ಸದ್ದು’ ಎಂದು ಯಾರೂ ವಾದಿಸದಂತೆ ಮುಚ್ಚಿದ ಕಿಂಡಿ ಅದು. ಬೀಟ್ ಮರುಕಳಿಸದ ‘ಫ್ಲಟರ್’ ಹೇಗೂ ಸಂಗೀತವೇ!

ಮೊದಲ ಮಾತೂ ಪೂರ್ತಿ ನಿಜವಲ್ಲ. ಯಾವ ಬಗೆಯ ಸಂಗೀತವನ್ನೂ ಈ ಕಾನೂನು ನಿಷೇಧಿಸಲಿಲ್ಲ. ಪರವಾನಗಿಯಿಲ್ಲದೆ 100 ಅಥವಾ ಹೆಚ್ಚು ಜನ ರಾತ್ರಿ ಬಯಲಿನಲ್ಲಿ ಸೇರಿ, ಸುತ್ತಲಿನವರಿಗೆ ತೀವ್ರ ತೊಂದರೆಯಾಗುವಷ್ಟು ಜೋರಾಗಿ ಸಂಗೀತ ಹಾಕಿದರೆ, ಅವರನ್ನು ಚದುರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಹೋಗದಿದ್ದರೆ ಮೂರು ತಿಂಗಳವರೆಗೆ ಸೆರೆವಾಸ. 1994ರ ನವೆಂಬರ್ 3ರಂದು ಮಸೂದೆ ಕಾನೂನಾಯಿತು. 2003ರಲ್ಲಿ 100 ಜನ ಎಂಬ ಮಿತಿ 20ಕ್ಕೆ ಇಳಿಯಿತು.

ಸದ್ದಿಲ್ಲದ ರೀಮಿಕ್ಸ್

ಅದೇ ವರ್ಷ ‘ಆರ್ಬಿಟಲ್’ ಎಂಬ ಸಹೋದರರ ಜೋಡಿ ತಮ್ಮ ‘ಆರ್ ವಿ ಹಿಯರ್?’ ಹಾಡಿನ ಹಲವು ರೀಮಿಕ್ಸ್‌ಗಳನ್ನು ಹೊರತಂದಿತು. ರೀಮಿಕ್ಸ್ ಎಂದರೆ ಹಾಡಿನ ತುಣುಕುಗಳನ್ನು ಬಿಚ್ಚಿ, ಕೆಲವನ್ನು ಬಿಟ್ಟು, ಕೆಲವನ್ನು ಸೇರಿಸಿ ಮತ್ತೆ ಕಟ್ಟುವುದು. ಅವುಗಳಲ್ಲಿ ಒಂದರ ಹೆಸರು ‘ಕ್ರಿಮಿನಲ್ ಜಸ್ಟಿಸ್ ಬಿಲ್?’. ಅದರಲ್ಲಿ ಸುಮಾರು ನಾಲ್ಕು ನಿಮಿಷ ಬರೀ ಮೌನ. ಎಲ್ಲವನ್ನೂ ಬಿಟ್ಟರೆ ಉಳಿಯುವುದು ಅಷ್ಟೇ.

ಅಂದರೆ ಈ ರೆಕಾರ್ಡುಗಳಿಂದ ಕಾನೂನು ಸೋಲಲಿಲ್ಲ. ಆದರೆ ಕುಣಿಯುವವರ ಬಳಿ ‘ಮರುಕಳಿಕೆ ಎಂದರೆ ಏನು, ಅದನ್ನು ಅಳೆಯುವವರು ಯಾರು?’ ಎಂಬ ಪ್ರಶ್ನೆ ಉಳಿಯಿತು. ನೆರೆಯವರಿಗೆ ನಿದ್ದೆ ಬೇಕೆಂಬುದು ನ್ಯಾಯವೇ. ಅದಕ್ಕೆ ಸದ್ದಿನ ಮಟ್ಟವನ್ನೂ ಹೊತ್ತನ್ನೂ ನೋಡಿದರೆ ಸಾಕಿತ್ತು, ಬೀಟ್ ಯಾವ ಬಗೆಯದೆಂದು ಕೇಳಬೇಕಿರಲಿಲ್ಲ.