ಬೂದಿಯ ನೆಲದ ಜೀರುಂಡೆಗಳು

ಖಾಂಡವವನ ಹೊತ್ತಿ ಉರಿದಾಗ ಪಾರಾದವರು ಆರೇ ಮಂದಿ ಎಂದು ಮಹಾಭಾರತ ಹೇಳುತ್ತದೆ: ಮಯ, ಅಶ್ವಸೇನನೆಂಬ ಸರ್ಪ ಹಾಗೂ ನಾಲ್ಕು ಶಾರ್ಙ್ಗಕ ಪಕ್ಷಿಗಳು. ತರಗೆಲೆಯಡಿ ಹರಿದಾಡುವ ಜೀರುಂಡೆಗಳನ್ನು ಕವಿ ಲೆಕ್ಕಕ್ಕೆ ಹಿಡಿದಂತಿಲ್ಲ. ಇಂದಿಗೂ ಕಾಡ್ಗಿಚ್ಚಿನ ಸುದ್ದಿ ಬಂದಾಗ ಆನೆ, ಜಿಂಕೆಗಳ ಗತಿಯೇನಾಯಿತೆಂದು ವಿಚಾರಿಸುವವರುಂಟು. ಜೀರುಂಡೆಯ ಗತಿಯನ್ನು ಕೇಳುವವರು ವಿರಳ.

ನೆಲಜೀರುಂಡೆಗಳು ಬಹುಮಟ್ಟಿಗೆ ಬೇಟೆಗಾರ ಕೀಟಗಳು. ಹಗಲಿನಲ್ಲಿ ಕಲ್ಲು, ತೊಗಟೆ, ಕೊಳೆತ ಎಲೆಗಳ ಮರೆಯಲ್ಲಿದ್ದು, ಇರುಳಾದೊಡನೆ ಹೊರಬಂದು ಸಣ್ಣ ಹುಳುಗಳನ್ನೂ ಬಸವನಹುಳುಗಳನ್ನೂ ತಿನ್ನುತ್ತವೆ. ದಟ್ಟ ಕಾಡಿಗೆ ಒಗ್ಗಿಕೊಂಡ ಹಲವು ಜಾತಿಗಳಲ್ಲಿ ಗಡುಸಾದ ಮೇಲ್ರೆಕ್ಕೆಗಳ ಕೆಳಗಿನ ಹಾರುವ ರೆಕ್ಕೆಗಳು ಕುಗ್ಗಿಹೋಗಿವೆ. ಅವು ಎಲ್ಲಿಗೆ ಹೋಗಬೇಕಾದರೂ ಕಾಲ್ನಡಿಗೆಯಲ್ಲೇ ಹೋಗಬೇಕು.

2014ರ ಜುಲೈ 31ರಂದು ಸ್ವೀಡನ್ ದೇಶದ ವೆಸ್ಟ್‌ಮನ್‌ಲ್ಯಾಂಡ್ ಪ್ರಾಂತದಲ್ಲಿ ಅರಣ್ಯಕೆಲಸದ ಯಂತ್ರವೊಂದರಿಂದ ಸಿಡಿದ ಕಿಡಿ ಸುಮಾರು 13,000 ಹೆಕ್ಟೇರು ಕಾಡನ್ನು ಆಹುತಿ ತೆಗೆದುಕೊಂಡಿತು. ಅನೇಕ ಕಡೆ ಮರಗಳಷ್ಟೇ ಅಲ್ಲದೆ ನೆಲದ ಎಲೆಗೊಬ್ಬರದ ಪದರವೂ ಸುಟ್ಟುಹೋಯಿತು. ಮಣ್ಣಿನಲ್ಲಿ ಶಾಖ ಬಲು ನಿಧಾನವಾಗಿ ಇಳಿಯುತ್ತದೆ. ಮೇಲೆ ನೂರಾರು ಡಿಗ್ರಿ ಉರಿಯಿದ್ದರೂ ಕೆಲವು ಅಂಗುಲ ಕೆಳಗೆ ಜೀವ ಉಳಿಯುವುದುಂಟು. ಆದರೆ ಹಾಗೆ ಉಳಿದ ಜೀರುಂಡೆ ಮೇಲೆ ಬಂದು ಕಾಣುವುದೇನು? ನೆರಳಿಲ್ಲ, ತೇವವಿಲ್ಲ, ಅಡಗಲು ಎಲೆಯಿಲ್ಲ, ಬೇಟೆಯೂ ಇಲ್ಲ. ಬೆಂಕಿಗಿಂತಲೂ ಬೆಂಕಿಯ ಅನಂತರದ ದಿನಗಳೇ ಅದಕ್ಕೆ ಹೆಚ್ಚು ಕಠಿಣ.

ವಿಚಿತ್ರವೆಂದರೆ, ಆ ಕಪ್ಪು ನೆಲವನ್ನೇ ಹುಡುಕಿಕೊಂಡು ಬರುವ ಜೀರುಂಡೆಗಳೂ ಇವೆ. ಮೆಲನೋಫಿಲ ಎಂಬುದು ಸುಟ್ಟ ಮರದ ಜೀರುಂಡೆ. ಅದರ ಎದೆಯ ಕೆಳಭಾಗದಲ್ಲಿ, ನಡುಗಾಲುಗಳ ಬಳಿ, ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಗುರುತಿಸುವ ಪುಟ್ಟ ಗುಳಿಗಳಿವೆ. ಹೊಗೆ ಆರುವ ಮೊದಲೇ ಬಂದು ಅದು ಸುಟ್ಟ ಮರದಲ್ಲಿ ಮೊಟ್ಟೆಯಿಡುತ್ತದೆ. ನೆಲಜೀರುಂಡೆಗಳ ಪೈಕಿ ಸೆರಿಕೋಡಾ ಕ್ವಾಡ್ರಿಪಂಕ್ಟಾಟಾ ಇಂಥದು. ಚೆನ್ನಾಗಿ ಹಾರಬಲ್ಲ ಈ ಕೀಟ ಸುಟ್ಟ ನೆಲದಲ್ಲಿ ಕೆಲವು ವರ್ಷ ಹೆಚ್ಚಿ, ಗಿಡ ಬೆಳೆಯುತ್ತಿದ್ದಂತೆ ಕಣ್ಮರೆಯಾಗುತ್ತದೆ. ಬಯಲನ್ನು ಮೆಚ್ಚುವ ಬೇರೆ ಜಾತಿಗಳೂ ಬೇಗನೆ ಬಂದು ಸೇರುತ್ತವೆ. ರೆಕ್ಕೆಯಿಲ್ಲದ ಕಾಡಿನ ಜಾತಿಗಳು ಮಾತ್ರ ಸುಡದೆ ಉಳಿದ ತುಣುಕುಗಳಿಂದ ಮೆಲ್ಲಮೆಲ್ಲನೆ ನಡೆದು ಹಿಂದಿರುಗಬೇಕು.

ಇದೆಲ್ಲವನ್ನು ತಿಳಿಯುವ ಸಾಧನ ಬಲು ಸರಳ. ನೆಲಮಟ್ಟಕ್ಕೆ ಬಾಯಿ ಬರುವಂತೆ ಒಂದು ಲೋಟವನ್ನು ಹೂಳುವುದು, ನಡೆಯುತ್ತ ಬಂದು ಅದರಲ್ಲಿ ಬಿದ್ದ ಕೀಟಗಳನ್ನು ಎಣಿಸುವುದು! ಸುಟ್ಟ ಕಾಡಿನಲ್ಲೂ ಸುಡದ ಕಾಡಿನಲ್ಲೂ ವರ್ಷ ವರ್ಷ ಹೀಗೆ ಎಣಿಸಿದರೆ, ಯಾರು ಹೋದರು, ಯಾರು ಬಂದರು ಎಂಬ ಲೆಕ್ಕ ದೊರೆಯುತ್ತದೆ.

ಬೆಂಕಿಯನ್ನು ಬಹುಕಾಲ ಕಟ್ಟುನಿಟ್ಟಾಗಿ ತಡೆದುದರಿಂದ ಸ್ವೀಡನ್, ಫಿನ್‌ಲ್ಯಾಂಡ್‌ಗಳಲ್ಲಿ ಬೆಂಕಿಯನ್ನು ನೆಚ್ಚಿದ ಕೀಟಗಳು ಅಪರೂಪವಾದವು. ಅದಕ್ಕಾಗಿ ಅಲ್ಲಿ ಕೆಲವು ಕಾಡುಗಳನ್ನು ತಜ್ಞರೇ ಹತೋಟಿಯಲ್ಲಿಟ್ಟು ಸುಡುತ್ತಾರೆ. ಈ ಮಾತನ್ನು ಬಂಡೀಪುರಕ್ಕೆ ಅನ್ವಯಿಸಿ ಬೆಂಕಿಕಡ್ಡಿ ಗೀರುವುದು ಅವಿವೇಕ. 2019ರ ಫೆಬ್ರವರಿಯಲ್ಲಿ ಅಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಬೆಂದಿತು. ನಮ್ಮ ಎಲೆಯುದುರುವ ಕಾಡುಗಳಿಗೆ ಬೀಳುವ ಬೆಂಕಿ ಹೆಚ್ಚಾಗಿ ಮನುಷ್ಯನ ಕೈಯಿಂದಲೇ ಹೊತ್ತುವಂಥದು. ಅದೇ ನೆಲ ಮತ್ತೆ ಮತ್ತೆ ಸುಟ್ಟರೆ ತರಗೆಲೆಯ ಹಾಸು ಪುನಃ ಕೂಡಿಕೊಳ್ಳಲು ಅವಕಾಶವಿಲ್ಲ. ನಡೆದು ಹಿಂದಿರುಗುವ ಜೀರುಂಡೆ ದಾರಿಯಲ್ಲಿರುವಾಗಲೇ ಮುಂದಿನ ಬೆಂಕಿ ಬಂದುಬಿಡುತ್ತದೆ.