ಸ್ಲೇಟಿನ ಮೇಲೆ ಚಂದ್ರ

ಐದಾರು ವರ್ಷದ ಮಕ್ಕಳಿಗೆ ಆಕಾಶದ ಪರಿಚಯ ಮಾಡಿಕೊಡುವುದು ಹೇಗೆ? ಹಿರಿಯರು ಸಾಮಾನ್ಯವಾಗಿ ಗ್ರಹಗಳ ಹೆಸರನ್ನು ಬಾಯಿಪಾಠ ಮಾಡಿಸುತ್ತಾರೆ. ಇಲ್ಲವೇ ಗೋಡೆಗೆ ಬಣ್ಣದ ಪಟವೊಂದನ್ನು ತೂಗುಹಾಕುತ್ತಾರೆ. ಹೆಸರುಗಳಿಗೆ ಅವಸರವಿಲ್ಲ. ಪಟದ ವಿಷಯದಲ್ಲಿ ನನ್ನದೊಂದು ತಕರಾರುಂಟು. ಅದರಲ್ಲಿ ಸೂರ್ಯ, ಭೂಮಿ, ಶನಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತ ನಂಟರಂತೆ ಒತ್ತೊತ್ತಾಗಿ ಕುಳಿತಿರುತ್ತಾರೆ. ಅಚ್ಚಾದುದನ್ನು ನಂಬಿ ತನ್ನ ಕಣ್ಣನ್ನು ನಂಬದಿರುವುದನ್ನು ಮಗು ಇಷ್ಟು ಬೇಗ ಕಲಿತರೆ ಅದು ಸಣ್ಣ ನಷ್ಟವೆಂದು ನನಗೆ ತೋರುವುದಿಲ್ಲ.

ನೋಡುವುದನ್ನು ಕಲಿಸಲು ಚಿತ್ರ ಬರೆಯಿಸುವುದಕ್ಕಿಂತ ಒಳ್ಳೆಯ ಉಪಾಯವನ್ನು ನಾನರಿಯೆ. 1609ರಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರವೊಂದನ್ನು ಬರೆದನು. ಅದರಲ್ಲಿ ಬೆಳಕು ಕತ್ತಲೆಗಳನ್ನು ಬೇರ್ಪಡಿಸುವ ಒರಟು ಗೆರೆಯುಂಟು, ಬೆಟ್ಟಗಳಿಲ್ಲ. ಕೆಲವೇ ತಿಂಗಳ ಬಳಿಕ ಇಟಲಿಯಲ್ಲಿ ಗೆಲಿಲಿಯೊ ಅದೇ ಚಂದ್ರನನ್ನು ನೋಡಿದನು. ಕತ್ತಲೆಯ ಭಾಗದಲ್ಲಿ ಅಲ್ಲಲ್ಲಿ ಹೊಳೆಯುವ ಚುಕ್ಕಿಗಳು ಬಿಸಿಲು ತಾಗಿದ ಬೆಟ್ಟದ ತುದಿಗಳೆಂದು, ಚಿತ್ರಕಲೆಯಲ್ಲಿ ಪಳಗಿದ ಅವನ ಕಣ್ಣಿಗೆ ಹೊಳೆಯಿತು. ಕಂದು ಬಣ್ಣದ ತೆಳುಲೇಪದಲ್ಲಿ ಅವನು ಬರೆದ ಚಂದ್ರನ ಚಿತ್ರಗಳು ಇಂದಿಗೂ ಉಳಿದಿವೆ.

ನಮ್ಮ ಮಗುವಿಗೆ ದೂರದರ್ಶಕ ಬೇಡ. ಕರಿಯ ಸ್ಲೇಟು, ಬಳಪ ಸಾಕು. ಆಕಾಶಕ್ಕೆ ಬಿಳಿಯ ಹಾಳೆಗಿಂತ ಸ್ಲೇಟೇ ಮೇಲು. ಕತ್ತಲೆ ಮೊದಲೇ ಇದೆ, ಮಗು ಬೆಳಕನ್ನಷ್ಟೆ ಬರೆಯಬೇಕು. ಬಿದಿಗೆ ತದಿಗೆಗಳಿಂದ ಮೊದಲುಮಾಡಿ ಸಂಜೆಸಂಜೆಯೂ ಚಂದ್ರನನ್ನು ಕಂಡಂತೆ ಬರೆಯಲಿ. ನಿನ್ನೆಯದನ್ನು ಅಳಿಸುವ ಮುನ್ನ ಇಂದಿನದನ್ನು ಅದರ ಪಕ್ಕದಲ್ಲಿಯೇ ಬರೆಯಲಿ. ಬೆಳಗಿದ ಅಂಚು ಸೂರ್ಯ ಮುಳುಗಿದ ಕಡೆಗೇ ತಿರುಗಿರುವುದನ್ನು ಮೂರು ನಾಲ್ಕು ದಿನಗಳಲ್ಲಿ ಮಗುವೇ ಗುರುತಿಸುತ್ತದೆ. ನಾವು ಬಾಯಿ ಹಾಕಬಾರದು, ಅಷ್ಟೆ. ಬಾಲಚಂದ್ರನ ತೆಕ್ಕೆಯೊಳಗೆ ನಕ್ಷತ್ರವನ್ನಿಡುವ ಆಸೆ ಎಲ್ಲ ಮಕ್ಕಳಿಗೂ ಉಂಟು. ಗದರಿಸಬೇಡಿ, ಇನ್ನೊಮ್ಮೆ ನೋಡಿಕೊಂಡು ಬಾ ಎನ್ನಿ. ಆ ಟೊಳ್ಳಿನಲ್ಲಿ ಚಂದ್ರನ ಉಳಿದ ಮೈ ಮಸುಕಾಗಿ ಕಾಣುತ್ತದೆ. ಭೂಮಿಯಿಂದ ಮರಳಿ ಹೋದ ಬಿಸಿಲು ಅದು. ಬಳಪದ ಪುಡಿಯನ್ನು ಬೆರಳಿನಿಂದ ಸವರಿದರೆ ಆ ಮಸುಕು ಸ್ಲೇಟಿನ ಮೇಲೂ ಮೂಡುತ್ತದೆ.

ದೂರವನ್ನು ತಿಳಿಸಲು ಜೇಡಿಮಣ್ಣು ಬೇಕು. ಒಂದು ಮುದ್ದೆಯನ್ನು 50 ಸಮನಾದ ಉಂಡೆಗಳಾಗಿ ಮಾಡಿಸಿ. 49ನ್ನು ಕೂಡಿಸಿ ಉರುಟಿದರೆ ಭೂಮಿ, ಉಳಿದ ಒಂದು ಚಂದ್ರ. ಈಗ ಚಂದ್ರನನ್ನು ಎಲ್ಲಿಡಬೇಕೆಂದು ಕೇಳಿ. ನಾನು ಕಂಡ ಮಕ್ಕಳೆಲ್ಲರೂ ಗೇಣುದ್ದದಲ್ಲಿ ಇಟ್ಟರು; ಪಕ್ಕದಲ್ಲಿ ನಿಂತ ತಂದೆತಾಯಿಯರೂ ತಲೆಯಾಡಿಸಿದರು. ನಿಜವಾದ ಅಂತರ 3,84,400 ಕಿಲೋಮೀಟರು, ಎಂದರೆ ಸಾಲಾಗಿ ಜೋಡಿಸಿದ 30 ಭೂಮಿಗಳಷ್ಟು. ಮಣ್ಣಿನ ಭೂಮಿ ನಾಲ್ಕು ಸೆಂಟಿಮೀಟರಿನ ನಿಂಬೆಹಣ್ಣಿನಷ್ಟಿದ್ದರೆ ಚಂದ್ರನನ್ನು ಸುಮಾರು 120 ಸೆಂಟಿಮೀಟರ್ ಆಚೆಗೆ ಇಡಬೇಕು.

ಸೂರ್ಯನೆಲ್ಲಿ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಇದೇ ಅಳತೆಯಲ್ಲಿ ಅವನು ನಾಲ್ಕು ಮೀಟರಿಗೂ ಅಗಲ. ಮಣ್ಣಿನಲ್ಲಿ ಮಾಡುವ ಮಾತಿಲ್ಲ. ಇರುವುದು ಅರ್ಧ ಕಿಲೋಮೀಟರಿಗೆ ತುಸು ಕಡಿಮೆ ದೂರದಲ್ಲಿ. ಮಗುವಿನ ಕೈಯಲ್ಲಿ ಆ ನಿಂಬೆಹಣ್ಣಿನ ಭೂಮಿಯನ್ನು ಕೊಟ್ಟು, ಅಷ್ಟು ದೂರವನ್ನು ಜೊತೆಯಲ್ಲಿ ನಡೆದುಬಿಡಬಹುದು.