ಏರಿಯ ಮೇಲಿಂದ ಕಾಣುವ ಊರು

ಇಳಿಹೊತ್ತಿನಲ್ಲಿ ತರೀಕೆರೆಯ ಏರಿ ಹತ್ತಿದೆ. ಮಕ್ಕಳ ನಾಲಿಗೆ ತೊಡರಿಸುವ ಆಟದಲ್ಲಿ ಕುರಿಮರಿಗಳು ಮೇಯುವ ಏರಿ. ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ಅಡಿಕೆ ತೋಟದ ತಂಪು. ಅದರಾಚೆ ಊರು. ಹೆಂಚಿನ ಮಾಡುಗಳ ನಡುವೆ ತಾರಸಿ ಮನೆಗಳು ತಲೆ ಎತ್ತಿವೆ. ಎಷ್ಟೋ ತಾರಸಿಗಳ ಮೇಲೆ ಮುಂದಿನ ಮಹಡಿಗೆಂದು ಬಿಟ್ಟ ಕಂಬಿಗಳು ಮಳೆಗೆ ತುಕ್ಕು ಹಿಡಿದು ನಿಂತಿವೆ. ಮಗನಿಗೊಂದು ಮಹಡಿ, ಬಾಡಿಗೆಗೊಂದು ಮಹಡಿ. ನಮ್ಮ ಕಡೆ ಊರು ಮೇಲಕ್ಕೆ ಬೆಳೆಯುವುದು ಹೀಗೆ, ಒಂದೊಂದು ಫಸಲಿನ ದುಡ್ಡಿನಲ್ಲಿ.

ಬೆಳಿಗ್ಗೆ ಕಡೂರಿನಲ್ಲಿದ್ದೆ. ಹೆದ್ದಾರಿ ಮಗ್ಗುಲಿನ ತೆಂಗಿನ ತೋಟವೊಂದರಲ್ಲಿ ಮರಗಳು ಇಲ್ಲವಾಗಿ ಬಿಳಿ ಬಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿದ್ದವು. ಸೈಟುಗಳು. ಮಳೆ ಕಡಿಮೆಯ ಸೀಮೆ ಇದು. ಇಲ್ಲಿ ಮನೆ ಕಟ್ಟುವವರು ಮೊದಲು ಕೇಳುವುದು ಬೋರಿನಲ್ಲಿ ನೀರು ಎಷ್ಟಡಿಗೆ ಸಿಕ್ಕಿತು ಎಂದು.

ಅಜ್ಜಂಪುರದ್ದು ಬೇರೆಯೇ ಮಾತು. ಅಮೃತಮಹಲ್ ದನಗಳ ಊರು; ತರೀಕೆರೆಗೆ ಸೇರಿದ್ದ ಹೋಬಳಿ ಈಗ ತನ್ನದೇ ಒಂದು ತಾಲ್ಲೂಕು. ಸುತ್ತಲಿನ ಎರೆ ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರಿಯುತ್ತದೆ. ಪಾಯ ಹಗುರಾದರೆ ಗೋಡೆಯೂ ಬಿರಿಯುತ್ತದೆ. ಈರುಳ್ಳಿ ಬೆಳೆಯುವ ರೈತನಿಗೆ ಗೊತ್ತಿರುವ ಈ ಸಂಗತಿ ಕಟ್ಟಡದ ನಕ್ಷೆಯಲ್ಲಿ ಕಾಣುವುದಿಲ್ಲ.

ಅಕ್ಕಪಕ್ಕದ ಮೂರು ಊರುಗಳಿಗೆ ಮೂರು ನೆಲ, ಮೂರು ನೀರು. ಅದಕ್ಕೇ ನಕ್ಷೆ ಬರೆಯುವ ಕೋಣೆಯಲ್ಲಿ ಯಾರು ಕೂತಿದ್ದಾರೆ ಎಂಬುದು ನನ್ನನ್ನು ಕಾಡುತ್ತದೆ.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ವಾಸ ಎಲ್ಲಿ, ಅಂಗಡಿ ಎಲ್ಲಿ, ಬಯಲು ಎಲ್ಲಿ ಎಂದು ಬಣ್ಣ ತುಂಬುವ ಮಹಾಯೋಜನೆ ಅದರಡಿ ತಯಾರಾಗುತ್ತದೆ. ಜನರ ಆಕ್ಷೇಪಣೆಯನ್ನೂ ಕೇಳಬೇಕು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಪ್ರತಿ ಜಿಲ್ಲೆಗೊಂದು ಯೋಜನಾ ಸಮಿತಿ. ಅದರಲ್ಲಿ ಐದಕ್ಕೆ ನಾಲ್ಕು ಪಾಲಾದರೂ ಜಿಲ್ಲಾ ಪಂಚಾಯಿತಿ, ಪುರಸಭೆಗಳಿಂದ ಆರಿಸಿ ಬಂದವರು. ಹಳ್ಳಿಯ ನೀರು, ಪಟ್ಟಣದ ಚರಂಡಿ ಒಂದೇ ಮೇಜಿನ ಮೇಲೆ ಬರಲಿ ಎಂಬುದು ಅದರ ಆಶಯ. ಎಂಥ ಒಳ್ಳೆಯ ಆಶಯ! ಆದರೆ 2021ರಲ್ಲಿ ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹಳ್ಳಿಯವರ ಕುರ್ಚಿ ಖಾಲಿ ಬಿದ್ದಿರುವಾಗಲೂ ಬಿಳಿ ಕಲ್ಲುಗಳು ಮಾತ್ರ ಏಳುತ್ತಲೇ ಹೋದವು.

ನೀರಿನ ದಾರಿ ಮರೆತು ಕಟ್ಟಿದರೆ ಏನಾಗುತ್ತದೆಂದು ಬೆಂಗಳೂರು ತೋರಿಸಿದೆ. 2022ರ ಸೆಪ್ಟೆಂಬರಿನಲ್ಲಿ ಅಲ್ಲಿನ ಬೆಳ್ಳಂದೂರು ಸುತ್ತಮುತ್ತ ನೀರು ನುಗ್ಗಿದಾಗ ದೊಡ್ಡ ಬಡಾವಣೆಗಳ ಜನ ಟ್ರ್ಯಾಕ್ಟರು, ದೋಣಿಗಳಲ್ಲಿ ಹೊರಬಂದರು. ರಾಜಕಾಲುವೆ ಮುಚ್ಚಿದರೆ ನೀರು ತನ್ನ ದಾರಿ ಹುಡುಕಿಕೊಳ್ಳುತ್ತದೆ. ಮೇಲಕ್ಕೆ ಬೆಳೆಯುವುದಕ್ಕೂ ಲೆಕ್ಕ ಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಕಟ್ಟಡ 15 ಮೀಟರ್ ಮುಟ್ಟಿದರೆ ಅದು ಬಹುಮಹಡಿ. ನಮ್ಮಲ್ಲಿ ಆ ಎತ್ತರ ಇನ್ನೂ ಅಪರೂಪ. ನಾಳೆ ಬಂದಾಗ ಅಗ್ನಿಶಾಮಕ ವಾಹನ ತಿರುಗುವಷ್ಟು ಬೀದಿ ಬೇಕು, ಮೇಲಿನ ಮನೆಗಳಿಗೆ ಏರುವಷ್ಟು ನೀರು ಬೇಕು, ಬಚ್ಚಲ ನೀರು ಹೋಗಲು ಕೆರೆಯಲ್ಲದ ಜಾಗ ಬೇಕು. ಇವನ್ನೆಲ್ಲ ಗುರುತು ಮಾಡಲು ಈಗ ಬಯಲಿದೆ.

ಕತ್ತಲಾಯಿತು. ಏರಿಯ ಕೆಳಗಿನ ತೋಟದಲ್ಲಿ ಯಾರೋ ಟಾರ್ಚ್ ಹಿಡಿದು ಕಾಲುವೆಗುಂಟ ನಡೆಯುತ್ತಿದ್ದರು, ನೀರು ಕೊನೆಯ ಮರದವರೆಗೆ ಬಂತೇ ಎಂದು ನೋಡುತ್ತ.